ಮಾಳ ಕಾದವನ ಲೆಕ್ಕ

ಫುಟ್‌ಬಾಲಿನ ಚರಿತ್ರೆ ಬರೆಯೋರಿಗೆ ಒಂದು ಚಟ ಇದೆ. ಗೋಲು ಹೊಡೆದವನ ಹೆಸರು, ಹೊಡೆದ ನಿಮಿಷ, ಎಡಗಾಲೋ ಬಲಗಾಲೋ ಅನ್ನೋದನ್ನೂ ಬರೆದಿಡುತ್ತಾರೆ. ತಡೆದವನ ಹೆಸರು ಬರೆಯೋದಿಲ್ಲ. ಬರೆಯೋದಾದರೂ ಏನು? ತಡೆಯುವುದು ಒಂದು ಘಟನೆಯೇ ಅಲ್ಲ. ಆಗಬೇಕಾದ್ದು ಆಗಲಿಲ್ಲ, ಅಷ್ಟೇ.

ನಮ್ಮದೇ ಉದಾಹರಣೆ ನೋಡಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸ್ ವಿರುದ್ಧ 2–1ರಿಂದ ಸೋತಿತು. ಭಾರತದ ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ನಾಲ್ಕು ವರ್ಷ ಬಿಟ್ಟು ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮಗೆ 10–1ರಿಂದ ಬಾರಿಸಿತು. ಅಲ್ಲೂ ಆ ಒಂದು ಗೋಲು ಬೆಂಗಳೂರಿನವರದ್ದೇ, ಅಹ್ಮದ್ ಖಾನ್ ಅವರದ್ದು. ಕ್ವಿಜ್ ಮಾಡೋರಿಗೆ ಈ ಎರಡೂ ಹೆಸರು ಬಾಯಿಪಾಠ. ಆದರೆ ಆ ಹತ್ತು ಗೋಲುಗಳೇ ನಮ್ಮ ಫುಟ್‌ಬಾಲನ್ನ ಹೆಚ್ಚು ಬದಲಾಯಿಸಿದವು ಅಂತ ನನ್ನ ವಾದ. ಬರಿಗಾಲಲ್ಲಿ ಆಡುವ ಶೋಕಿ ಅಲ್ಲಿಗೆ ಮುಗಿದು ಬೂಟು ಕಡ್ಡಾಯವಾಯಿತು. ಮುಂದಕ್ಕೆ ಓಡೋದಷ್ಟೇ ಆಟ ಅಲ್ಲ, ಹಿಂದೆ ನಿಲ್ಲೋದೂ ಆಟವೇ ಅಂತ ಗೊತ್ತಾಯಿತು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂದಾಗ ಹಾಫ್‌ಬ್ಯಾಕ್ ಜಾಗದಲ್ಲಿ ಮೈಸೂರು ರಾಜ್ಯದ ಕೆಂಪಯ್ಯ ಇದ್ದರು. 1960ರಲ್ಲಿ ರೋಮಿಗೂ ಹೋದರು. ಎರಡು ಒಲಿಂಪಿಕ್ಸ್ ಆಡಿದ ಕನ್ನಡ ಹೆಸರಿನ ಮನುಷ್ಯ. ನಿಮ್ಮ ಆಫೀಸಲ್ಲಿ ಮೆಸ್ಸಿ ಜರ್ಸಿ ಹಾಕ್ಕೊಂಡು ಓಡಾಡೋ ಹತ್ತು ಜನರನ್ನ ಕೇಳಿ, ಒಬ್ಬರಿಗಾದರೂ ಈ ಹೆಸರು ಗೊತ್ತಿದ್ದರೆ ನನಗೆ ತಿಳಿಸಿ.

ಈ ಬರಹ ಕೆಂಪಯ್ಯನವರ ಬಗ್ಗೆ ಅಲ್ಲ, ಅವರ ಥರವೇ ಹಿಂದೆ ನಿಂತು ಆಡಿದ ಇನ್ನೊಬ್ಬನ ಬಗ್ಗೆ. ಅವನು ಕನ್ನಡಿಗನಲ್ಲ, ಭಾರತದವನೂ ಅಲ್ಲ. ಸ್ಪೇನಿನವನು. 2016ರಿಂದ ಐದು ವರ್ಷ ಬೆಂಗಳೂರು ಎಫ್‌ಸಿಯ ಗೋಲಿನ ಮುಂದೆ ನಿಂತಿದ್ದ. ಪೂರ್ತಿ ಹೆಸರು ಹುವಾನ್ ಆಂಟೋನಿಯೊ ಗೊನ್ಸಾಲೆಸ್ ಫರ್ನಾಂಡಿಸ್. ಇಷ್ಟುದ್ದ ಯಾರು ಕರೀತಾರೆ, ಎಲ್ಲರಿಗೂ ಅವನು ಹುವಾನನ್. ಸ್ಪ್ಯಾನಿಷಿನ 'ಜೆ' ಅಕ್ಷರ ಗೊತ್ತಿಲ್ಲದ ನಮ್ಮ ಸ್ಟ್ಯಾಂಡಿನಲ್ಲಿ ಮೊದಲ ಕೆಲವು ತಿಂಗಳು ಜುವಾನನ್.

ನಾನು ಸಿದ್ದಾಪುರ ತಾಲೂಕಿನವನು. ನಮ್ಮ ಕಡೆ, ಅಂದ್ರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಅಂತ ಘಟ್ಟದ ಮೇಲಿನ ಈ ಮೂರು ತಾಲೂಕಲ್ಲಿ, ಫುಟ್‌ಬಾಲ್ ಅನ್ನೋದು ಆಟವೇ ಅಲ್ಲ. ನಮ್ಮದು ವಾಲಿಬಾಲ್. ರಾತ್ರಿ ಹೊತ್ತು ಲೈಟು ಕಟ್ಟಿ, ಊರ ಹೆಸರಲ್ಲಿ ಟೂರ್ನಮೆಂಟು ಮಾಡಿ, ಬೆಳಗಿನ ಜಾವ ಫೈನಲ್ ಮುಗಿಸಿ ಮನೆಗೆ ಹೋಗೋದು. ಅದು ಬಿಟ್ಟರೆ ಕಬಡ್ಡಿ. ಶಾಲೆಯ ಮೈದಾನ ಕೆಂಪು ಜಂಬಿಟ್ಟಿಗೆ ಮಣ್ಣಿನದು, ಒಂದು ಕಡೆ ಇಳಿಜಾರು. ಚೆಂಡು ಒದ್ದರೆ ಹೊಳೆಗೆ. ಮಳೆಗಾಲದ ನಾಲ್ಕು ತಿಂಗಳು ಆ ಮೈದಾನದಲ್ಲಿ ಕಪ್ಪೆ ಮಾತ್ರ ಆಡೋದು. ಫುಟ್‌ಬಾಲ್ ಅಂತ ನೋಡಿದ್ದು ಮುಂಡಗೋಡದ ಟಿಬೆಟನ್ ಕಾಲೋನಿಯಲ್ಲಿ. ಹಾಗಾಗಿ ಡಿಫೆಂಡರ್ ಅಂದ್ರೆ ಏನು ಅನ್ನೋದು ನನಗೆ ಟಿವಿ ನೋಡಿ ಅರ್ಥ ಆದದ್ದಲ್ಲ, ಮಾಳ ನೋಡಿ ಅರ್ಥ ಆದದ್ದು.

ಪೇಟೆಯಲ್ಲಿ ಬೆಳೆದವರಿಗೆ ಹೇಳ್ತೇನೆ. ಭತ್ತ ತೆನೆ ಒಡೆದ ಮೇಲೆ ಗದ್ದೆಯ ಅಂಚಲ್ಲಿ ನಾಲ್ಕು ಕಂಬ ನೆಟ್ಟು ಅಟ್ಟ ಕಟ್ಟಿ, ಮೇಲೆ ಹುಲ್ಲು ಹೊದಿಸುತ್ತಾರೆ. ಅದು ಮಾಳ. ರಾತ್ರಿಯಿಡೀ ಅಲ್ಲಿ ಕೂತು ಹಂದಿ ಬರದ ಹಾಗೆ ಕಾಯಬೇಕು. ಕೂಗು ಹಾಕಬೇಕು, ತಗಡು ಬಡೀಬೇಕು, ಮುಖ್ಯವಾಗಿ ಹಂದಿ ಯಾವ ಕಡೆಯಿಂದ ಇಳೀತದೆ ಅಂತ ಮೊದಲೇ ಅಂದಾಜು ಇರಬೇಕು. ಇಳಿದ ಮೇಲೆ ಓಡಿಸಿದರೆ ಅರ್ಧ ಗದ್ದೆ ಹೋಗಿರ್ತದೆ. ಸುಗ್ಗಿಯಲ್ಲಿ ಎಷ್ಟು ಚೀಲ ಭತ್ತ ಬಂತು ಅಂತ ಲೆಕ್ಕ ಬರೀತಾರೆ. ಮಾಳ ಕಾದವನು ಎಷ್ಟು ಚೀಲ ಉಳಿಸಿದ ಅನ್ನೋ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಹುವಾನನ್ ಹುಟ್ಟಿದ್ದು 1987ರ ಏಪ್ರಿಲ್ 27ಕ್ಕೆ, ಲಾಸ್ ಪಾಲ್ಮಾಸ್‌ನಲ್ಲಿ. ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳ ದೊಡ್ಡ ಊರು ಅದು. ಸ್ಪೇನಿಗೆ ಸೇರಿದ್ದೇನೋ ಹೌದು, ಆದರೆ ಮ್ಯಾಪ್ ತೆಗೆದರೆ ಈ ದ್ವೀಪಗಳು ಇರೋದು ಆಫ್ರಿಕಾದ ಪಕ್ಕ, ಮೊರೊಕ್ಕೊ ಕರಾವಳಿಯ ಎದುರಿಗೆ. ನಮ್ಮ ಜಿಲ್ಲೆಗೆ ಬ್ರಿಟಿಷರು ಇಟ್ಟ ಹೆಸರು ನಾರ್ತ್ ಕೆನರಾ. ಇವನದ್ದು ಕೆನರಿ. ಎರಡಕ್ಕೂ ಏನೂ ಸಂಬಂಧ ಇಲ್ಲ, ಸುಮ್ಮನೆ ಕೇಳೋಕೆ ಚಂದ. ಸಂಬಂಧ ಇರೋದು ಬಾಳೆಹಣ್ಣಿನಲ್ಲಿ. ಅವರ ದ್ವೀಪದ ಮುಖ್ಯ ಬೆಳೆಯೇ ಬಾಳೆ, ನಮ್ಮ ಅಡಿಕೆ ತೋಟದ ನಡುವೆಯೂ ಅದೇ.

ದ್ವೀಪದ ಹುಡುಗ ದೊಡ್ಡವನಾಗಬೇಕಾದರೆ ಸಮುದ್ರ ದಾಟಬೇಕು. ಘಟ್ಟದ ಹುಡುಗ ಇಂಜಿನಿಯರಿಂಗ್ ಮುಗಿಸಿ ಶಿರಸಿ–ಬೆಂಗಳೂರು ರಾತ್ರಿ ಬಸ್ ಹತ್ತೋ ಹಾಗೆ. ಹುವಾನನ್ ದಾಟಿ ಸೇರಿದ್ದು ರಿಯಲ್ ಮ್ಯಾಡ್ರಿಡ್‌ಗೆ. ಆದರೆ ಆಡಿದ್ದು ಅದರ ಎರಡನೇ ತಂಡ ಕ್ಯಾಸ್ಟಿಯಾದಲ್ಲಿ. ಈ ಎರಡನೇ ತಂಡದ ಬದುಕು ನಮ್ಮಲ್ಲಿ ದೊಡ್ಡ ಕಂಪನಿಯ ಕಾಂಟ್ರ್ಯಾಕ್ಟ್ ಕೆಲಸದ ಥರ. ಅದೇ ಗೇಟು, ಅದೇ ಲೋಗೋ, ಕ್ಯಾಂಟೀನೂ ಅದೇ, ಐಡಿ ಕಾರ್ಡಿನ ಪಟ್ಟಿಯ ಬಣ್ಣ ಮಾತ್ರ ಬೇರೆ. ಅವನು ಅಲ್ಲಿದ್ದ ಕಾಲಕ್ಕೆ ಮೊದಲ ತಂಡದ ಡಿಫೆನ್ಸ್‌ನಲ್ಲಿ ಸೆರ್ಜಿಯೊ ರಾಮೋಸ್, ಪೆಪೆ ಇದ್ದರು. ಅವರನ್ನ ಸರಿಸಿ ಜಾಗ ಮಾಡಿಕೊಳ್ಳೋದು ಯಾರಿಗೆ ಸಾಧ್ಯ? ಕ್ಯಾಸ್ಟಿಯಾದಿಂದ ಹೊರಬೀಳುವ ಹೆಚ್ಚಿನ ಹುಡುಗರ ಹಾಗೆ ಅವನೂ ಬೇರೆ ದೇಶ ಹುಡುಕಿಕೊಂಡು ಜರ್ಮನಿಗೆ ಹೋದ. ಫಾರ್ಟುನಾ ಡುಸೆಲ್‌ಡಾರ್ಫ್ ಅನ್ನೋ ಹಳೇ ಕ್ಲಬ್ಬು. ಅದು 2012ರಲ್ಲಿ ಮೇಲಿನ ದರ್ಜೆಗೆ, ಅಂದ್ರೆ ಬುಂಡೆಸ್‌ಲಿಗಾಕ್ಕೆ ಏರಿ, ಒಂದೇ ವರ್ಷಕ್ಕೆ ಮತ್ತೆ ಕೆಳಗಿಳಿಯಿತು. ಆ 2012–13ರ ತಂಡದಲ್ಲಿ ಹುವಾನನ್ ಇದ್ದ. ಮೇಲೇರಿ ಇಳಿದ ಕ್ಲಬ್ಬಿನ ಡಿಫೆಂಡರ್‌ಗಳನ್ನ ಯಾರೂ ಕೊಂಡಾಡೋದಿಲ್ಲ.

ಅವನು ಬೆಂಗಳೂರಿಗೆ ಬಂದದ್ದು 2016ರಲ್ಲಿ, 29ನೇ ವಯಸ್ಸಿಗೆ. ಯಾವ ಬೆಂಗಳೂರಿಗೆ ಬಂದ ಅನ್ನೋದನ್ನೂ ಸ್ವಲ್ಪ ನೋಡಬೇಕು.

ಈ ಊರಿಗೆ ಫುಟ್‌ಬಾಲ್ ಹೊಸದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಸತತ ಎರಡು ಸಲ ಬೊಂಬಾಯಿಯ ರೋವರ್ಸ್ ಕಪ್ ಎತ್ತಿತ್ತು, ಅದೂ ಬ್ರಿಟಿಷ್ ಪಲ್ಟನ್ನುಗಳು ಆಳುತ್ತಿದ್ದ ಟೂರ್ನಮೆಂಟಿನಲ್ಲಿ. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು, ಕೊನೆಯದು 1968–69ರಲ್ಲಿ. ದಂಡು ಪ್ರದೇಶದ ಗೌತಮಪುರ, ಆಸ್ಟಿನ್ ಟೌನುಗಳ ಗಲ್ಲಿಗಳಿಂದ ಎಷ್ಟೋ ಆಟಗಾರರು ಬಂದರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ. ನೋಡದಿದ್ದರೆ ಒಂದು ಭಾನುವಾರ ಹೋಗಿ ಬನ್ನಿ, ಹಲಸೂರಿಂದ ದೂರ ಇಲ್ಲ. ಆಮೇಲೆ ಐಟಿಐ, ಎಚ್‌ಎಎಲ್ ಥರದ ಕಾರ್ಖಾನೆ ತಂಡಗಳ ಕಾಲ. ಚೆಂಡು ಒದೆಯಲು ಬಂದವನಿಗೆ ಸರ್ಕಾರಿ ನೌಕರಿ, ಪಿಎಫ್, ಕ್ವಾರ್ಟರ್ಸು. ಕಾರ್ಖಾನೆಗಳು ಸೊರಗಿದ ಹಾಗೆ ಅವುಗಳ ತಂಡಗಳೂ ಸೊರಗಿದವು. 2012ರಲ್ಲಿ ಎಚ್‌ಎಎಲ್ ಐ–ಲೀಗಿನಿಂದ ಕೆಳಗೆ ಬಿತ್ತು. ಮರುವರ್ಷ ಜೆಎಸ್‌ಡಬ್ಲ್ಯು ಕಂಪನಿ, ನಮ್ಮ ತೋರಣಗಲ್ಲಿನ ಉಕ್ಕಿನವರು, ಬೆಂಗಳೂರು ಎಫ್‌ಸಿ ಕಟ್ಟಿದರು. ಆಡಿದ ಮೊದಲ ವರ್ಷವೇ, 2013–14ರಲ್ಲಿ, ಐ–ಲೀಗ್ ಗೆದ್ದರು. 2015–16ರಲ್ಲಿ ಮತ್ತೊಂದು.

ಕಾರ್ಖಾನೆಯ ಪಿಎಫ್ ಕಾಲದಿಂದ ಕಾರ್ಪೊರೇಟ್ ಕಾಂಟ್ರ್ಯಾಕ್ಟ್ ಕಾಲಕ್ಕೆ ಊರಿನ ಫುಟ್‌ಬಾಲ್ ದಾಟಿದ್ದು ಹೀಗೆ. ನಾವೂ ದಾಟಿದ್ದು ಅದೇ ದಾರಿಯಲ್ಲಿ ಅಲ್ಲವಾ? ನನ್ನ ದೊಡ್ಡಪ್ಪನ ತಲೆಮಾರಿಗೆ ಬೆಂಗಳೂರಿನ ಕೆಲಸ ಅಂದ್ರೆ ಐಟಿಐ, ನನ್ನ ತಲೆಮಾರಿಗೆ ಐಟಿ. ಒಂದು 'ಐ' ಉದುರಿತು, ಜೊತೆಗೆ ಪೆನ್ಷನ್ನೂ.

2016ರ ಜುಲೈಯಲ್ಲಿ ಆಲ್ಬರ್ಟ್ ರೋಕಾ ಕೋಚ್ ಆಗಿ ಬಂದರು. ಬಾರ್ಸಿಲೋನಾದಲ್ಲಿ ರೈಕಾರ್ಡ್ ಜೊತೆ ಕೆಲಸ ಮಾಡಿದ ಮನುಷ್ಯ. ಅವರ ಕಾಲದಲ್ಲಿ ಸ್ಪ್ಯಾನಿಷ್ ಆಟಗಾರರು ಒಬ್ಬೊಬ್ಬರಾಗಿ ಬಂದರು, ಮೊದಲು ಬಂದವರಲ್ಲಿ ಹುವಾನನ್ ಒಬ್ಬ. ತಂಡದ ಮುಂದಿದ್ದದ್ದು ಏಷ್ಯಾ ಮಟ್ಟದ ಎಎಫ್‌ಸಿ ಕಪ್ಪಿನ ಕ್ವಾರ್ಟರ್ ಫೈನಲ್. ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ಎದುರು ಮನೆಯಂಗಳದಲ್ಲಿ 1–0, ಅಲ್ಲಿ ಹೋಗಿ 0–0. ಆ 0–0 ಅಂಥ ಬೋರು ಪಂದ್ಯ ಇನ್ನೊಂದಿಲ್ಲ, ನನಗೆ ಬಹಳ ಇಷ್ಟ ಆಯಿತು. ಏನೂ ಆಗದೇ ಇರೋ ಹಾಗೆ ನೋಡಿಕೊಳ್ಳೋದು ಎಷ್ಟು ಕಷ್ಟ ಅನ್ನೋದು ಪ್ರೊಡಕ್ಷನ್ ಸಪೋರ್ಟ್ ಮಾಡಿದವರಿಗೆ ಗೊತ್ತು. ಸರ್ವರ್ ಬಿದ್ದ ದಿನ ಇಡೀ ಕಂಪನಿಗೆ ನಿಮ್ಮ ಹೆಸರು ಗೊತ್ತಾಗ್ತದೆ. ಬೀಳದ ಮುನ್ನೂರು ದಿನ ನೀವು ಯಾರೂ ಅಲ್ಲ.

ಸೆಮಿಫೈನಲ್ಲಿಗೆ ಸಿಕ್ಕಿದ್ದು ಮಲೇಷಿಯಾದ ಜೊಹೊರ್ ದಾರುಲ್ ತಾಜಿಂ. ಹಿಂದಿನ ವರ್ಷದ ಚಾಂಪಿಯನ್ನರು. ಅಲ್ಲಿ 1–1 ಆಗಿತ್ತು. ಅಕ್ಟೋಬರ್ 19ಕ್ಕೆ ಕಂಠೀರವದಲ್ಲಿ ಎರಡನೇ ಪಂದ್ಯ. ಬುಧವಾರ. ಆಫೀಸಿಂದ ಐದಕ್ಕೇ ಎದ್ದು ಬಂದಿದ್ದೆವು, ಮ್ಯಾನೇಜರಿಗೆ ಏನು ಹೇಳಿದೆವು ಅನ್ನೋದು ಬಿಡಿ. ಹತ್ತು ಹನ್ನೊಂದನೇ ನಿಮಿಷಕ್ಕೇ ಅವರು ಗೋಲು ಹೊಡೆದರು, ಇಡೀ ಸ್ಟೇಡಿಯಂ ತಣ್ಣಗಾಯಿತು. ಹಾಫ್ ಟೈಮಿಗೆ ಮುಂಚೆ ಸುನಿಲ್ ಛೇತ್ರಿ ಸಮ ಮಾಡಿದ, ಎರಡನೇ ಅವಧಿಯಲ್ಲಿ ಇನ್ನೊಂದು ಹೊಡೆದ. ಆದರೂ ಎದೆ ಡವಡವ. ಅವರದ್ದು ಇನ್ನೊಂದು ಗೋಲಾದರೆ ಮತ್ತೆ ಮೊದಲಿಂದ. ಆಗ ಮೂರನೇ ಗೋಲು ಬಂತು. ಹೊಡೆದವನು ಹುವಾನನ್! ಭಾರತದ ಒಂದು ಕ್ಲಬ್ಬು ಮೊಟ್ಟಮೊದಲ ಸಲ ಎಎಫ್‌ಸಿ ಕಪ್ ಫೈನಲ್ಲಿಗೆ ಹೋಯಿತು. ನಾನು ನಿಂತಿದ್ದ ಕಡೆ ಗುರುತೇ ಇಲ್ಲದ ಒಬ್ಬರು ನನ್ನನ್ನ ಎತ್ತಿ ಕುಣಿಸಿದರು, ಇಳಿಸಿದ ಮೇಲೆ 'ಸಾರಿ ಬಾಸ್' ಅಂದರು.

ಫೈನಲ್ ನವೆಂಬರ್ 5ಕ್ಕೆ ದೋಹಾದಲ್ಲಿ, ಇರಾಕಿನ ವಾಯುಪಡೆಯ ತಂಡ ಅಲ್–ಕುವಾ ಅಲ್–ಜಾವಿಯಾ ವಿರುದ್ಧ. ನಮ್ಮ ಗೋಲಿ ಅಮ್ರಿಂದರ್ ಸಿಂಗ್‌ಗೆ ಕಾರ್ಡುಗಳ ಕಾರಣಕ್ಕೆ ಆಡುವ ಹಾಗಿರಲಿಲ್ಲ. ಎಪ್ಪತ್ತು ನಿಮಿಷ ತಡೆದುಕೊಂಡರು. ಆಮೇಲೆ ಹಮ್ಮಾದಿ ಅಹ್ಮದ್ ಒಂದು ಹೊಡೆದ, 1–0ಗೆ ಸೋತೆವು. ಮಾರನೇ ದಿನ ಅಪ್ಪಯ್ಯನಿಗೆ ಫೋನು ಮಾಡಿದಾಗ ಇದನ್ನೇ ಹೇಳಿಕೊಂಡೆ. ಅವರು ಪೂರ್ತಿ ಕೇಳಿ, 'ಅಂವ ಗೋಲು ಹೊಡೀತ್ನಿಲ್ಲೆ ಅಂದ್ರೆ ಸಂಬಳ ಎಂತಕ್ಕೆ ತಮಾ?' ಅಂದರು. ಮಾಳದ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾರೆ ಕೊಡವು' ಅಂದರು. ಮಾಳ ಕಾದು ಗೊತ್ತಿದ್ದವರು.

ಹುವಾನನ್‌ನ ಆಟ ಹೇಗಿತ್ತು ಅಂದ್ರೆ, ನೋಡಿದ ತಕ್ಷಣ ಆಹಾ ಅನ್ನುವಂಥದ್ದಲ್ಲ. ಅವನ ಜೊತೆಗಾರ ಇಂಗ್ಲೆಂಡಿನ ಜಾನ್ ಜಾನ್ಸನ್ ನುಗ್ಗಿ ಹೋಗುವವನು, ಜಾರಿ ಬಿದ್ದು ಚೆಂಡು ಕಸಿಯುವವನು, ಜನರಿಗೆ ಅಚ್ಚುಮೆಚ್ಚು. ಹುವಾನನ್ ಅವನ ಹಿಂದೆ ಎರಡು ಹೆಜ್ಜೆ. ಮೊದಲಿನವನು ನುಗ್ಗಿದಾಗ ಬಿಟ್ಟ ಖಾಲಿ ಜಾಗವನ್ನ ತುಂಬುವುದು ಎರಡನೆಯವನ ಕೆಲಸ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡ್ತದೆ, ಹಾಗಾಗಿ ಇದು ಕಾಣೋದೇ ಇಲ್ಲ. ಸ್ಟೇಡಿಯಂನಲ್ಲಿ ಕೂತರೆ ಕಾಣ್ತದೆ. ಚೆಂಡು ಎದುರಾಳಿಯ ಗೋಲಿನ ಹತ್ತಿರ ಇರುವಾಗಲೂ ಅವನು ಕೈ ಮಾಡಿ ಪಕ್ಕದವರನ್ನ ಹಿಂದೆ ಮುಂದೆ ಸರಿಸುತ್ತಾ ಇರ್ತಿದ್ದ, ಯಕ್ಷಗಾನದಲ್ಲಿ ಭಾಗವತರು ಕೂತಲ್ಲಿಂದಲೇ ವೇಷಗಳನ್ನ ಕುಣಿಸಿದ ಹಾಗೆ. ಚೆಂಡು ಕಾಲಿಗೆ ಬಂದರೆ ಗಾಬರಿಯಿಂದ ದೂರಕ್ಕೆ ಒದೆಯೋದಿಲ್ಲ. ತಲೆ ಎತ್ತಿ ನೋಡಿ, ಮಧ್ಯದವನಿಗೆ ಕೊಡೋದು. ರೋಕಾ ಬಂದ ಮೇಲೆ ಬೆಂಗಳೂರು ಹಿಂದಿನಿಂದ ಆಟ ಕಟ್ಟುವ ತಂಡವಾದದ್ದು ಇಂಥ ಕಾಲುಗಳಿಂದಲೇ.

2017ರ ಒಂದು ಕಥೆ ಹೇಳದೆ ಮುಂದೆ ಹೋಗೋಕೆ ಆಗೋದಿಲ್ಲ. ಆ ವರ್ಷ ಎಎಫ್‌ಸಿ ಕಪ್ಪಿನಲ್ಲಿ ಬೆಂಗಳೂರಿಗೆ ಎದುರಾಗಿದ್ದು ಉತ್ತರ ಕೊರಿಯಾದ ಸೇನೆಯ ತಂಡ, ಹೆಸರು ಏಪ್ರಿಲ್ 25. ಕಂಠೀರವದಲ್ಲಿ 3–0 ಗೆದ್ದೆವು. ಎರಡನೇ ಪಂದ್ಯಕ್ಕೆ ಪ್ಯಾಂಗ್ಯಾಂಗ್‌ಗೇ ಹೋಗಬೇಕಿತ್ತು, ಅದೂ 2017ರ ಸೆಪ್ಟೆಂಬರ್, ಕ್ಷಿಪಣಿ ಹಾರಿಸುವ ಸುದ್ದಿಯೇ ದಿನಾ ಪೇಪರಲ್ಲಿ ಬರುತ್ತಿದ್ದ ಕಾಲ. ಹೋದ ತಂಡದ ಲಗೇಜು ಹೊತ್ತಿಗೆ ಸರಿಯಾಗಿ ಬರಲಿಲ್ಲ, ಬೂಟು ಕೊಂಡುಕೊಳ್ಳುವ ಪರಿಸ್ಥಿತಿ. ದೈತ್ಯ ಮೇ ಡೇ ಸ್ಟೇಡಿಯಂನಲ್ಲಿ ಆಡಿ 0–0 ಮಾಡಿಕೊಂಡು ಬಂದರು. ಪಂದ್ಯ ನಡೆದ ಎರಡು ದಿನಕ್ಕೆ ಅದೇ ಊರಿನ ವಿಮಾನ ನಿಲ್ದಾಣದ ಕಡೆಯಿಂದ ಕೊರಿಯನ್ನರು ಜಪಾನಿನ ಮೇಲೆ ಹಾದುಹೋಗುವ ಕ್ಷಿಪಣಿ ಬಿಟ್ಟರು. ಇಷ್ಟೆಲ್ಲ ಆದರೂ ದಾಖಲೆಯಲ್ಲಿ ಉಳಿದದ್ದು ಎರಡು ಸೊನ್ನೆ.

ಅದೇ ವರ್ಷ ಬೆಂಗಳೂರು ಐಎಸ್‌ಎಲ್‌ಗೆ ಸೇರಿತು. ಮೊದಲ ಸೀಸನ್ನಿನಲ್ಲೇ ಫೈನಲ್, 2018ರ ಮಾರ್ಚ್ 17, ಅದೂ ಕಂಠೀರವದಲ್ಲೇ. ಒಂಬತ್ತನೇ ನಿಮಿಷಕ್ಕೆ ಛೇತ್ರಿಯ ಗೋಲು, ಮದುವೆ ಮನೆ ಸಂಭ್ರಮ. ಆಮೇಲೆ ಚೆನ್ನೈಯಿನ್ ತಂಡದ ಮೈಲ್ಸನ್ ಆಲ್ವೆಸ್ ಎರಡು ಸಲ ಕಾರ್ನರಿಗೆ ತಲೆ ಕೊಟ್ಟು ಎರಡೂ ಗೋಲು ಮಾಡಿದ. ಅವನೂ ಡಿಫೆಂಡರೇ. 3–2ಕ್ಕೆ ಸೋತೆವು. ಕಾರ್ನರಿನಲ್ಲಿ ಗೋಲು ಬಿಟ್ಟುಕೊಡೋದು ಅಂದ್ರೆ ಹಂದಿ ಬರೋ ದಾರಿ ಗೊತ್ತಿದ್ದೂ ಗದ್ದೆ ಕಳಕೊಂಡ ಹಾಗೆ. ಮಾರನೇ ದಿನದ ಬೈಗುಳ ಪೂರ್ತಿ ಹಿಂದಿನ ಸಾಲಿಗೇ ಹೋಯಿತು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮುಂಬಯಿಯಲ್ಲಿ ಗೋವಾ ವಿರುದ್ಧ ಮತ್ತೆ ಫೈನಲ್. ಆ ಸೀಸನ್ನಿನಲ್ಲಿ ಎಲ್ಲರಿಗಿಂತ ಚಂದ ಗೋಲು ಹೊಡೆಯುತ್ತಿದ್ದದ್ದು ಗೋವಾ. ತೊಂಬತ್ತು ನಿಮಿಷ ಆಗಿ, ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದರೂ ಅವರಿಗೆ ಒಂದೂ ಸಿಗಲಿಲ್ಲ. 117ನೇ ನಿಮಿಷದಲ್ಲಿ ದಿಮಾಸ್ ದೆಲ್ಗಾಡೊ ಹಾಕಿದ ಕಾರ್ನರಿಗೆ ರಾಹುಲ್ ಭೇಕೆ ತಲೆ ಕೊಟ್ಟ. 1–0, ಕಪ್ ನಮ್ಮದು. ಭೇಕೆಯೂ ಡಿಫೆಂಡರ್ ಅನ್ನೋದು ನನಗೆ ಆವತ್ತು ಬೋನಸ್.

ಈಗ ಕಹಿ ಮಾತು. ಹುವಾನನ್‌ನನ್ನ ಇಷ್ಟಪಡುತ್ತಲೇ ಕೇಳಬೇಕಾದ ಪ್ರಶ್ನೆ: ಆ ಜಾಗದಲ್ಲಿ ನಮ್ಮ ಹುಡುಗ ಯಾಕಿರಲಿಲ್ಲ? ಐಎಸ್‌ಎಲ್‌ನಲ್ಲಿ ಆಗ ಐದು ವಿದೇಶಿಯರು ಒಟ್ಟಿಗೆ ಮೈದಾನಕ್ಕಿಳಿಯಬಹುದಿತ್ತು. ಎಲ್ಲ ಕ್ಲಬ್ಬುಗಳೂ ಮಾಡಿದ್ದು ಒಂದೇ: ತಂಡದ ಬೆನ್ನೆಲುಬಿಗೆ, ಅಂದ್ರೆ ಮಧ್ಯದ ಡಿಫೆಂಡರ್, ಮಧ್ಯದ ಮಿಡ್‌ಫೀಲ್ಡರ್, ಮುಂದಿನ ಸ್ಟ್ರೈಕರ್ ಜಾಗಗಳಿಗೆ ವಿದೇಶಿಯರು, ಅಂಚಿನ ಜಾಗಗಳಿಗೆ ನಮ್ಮವರು. ತಪ್ಪು ಮಾಡಿ ಕಲಿಯಬೇಕಾದ ಜಾಗದಲ್ಲಿ ನಮ್ಮ ಹುಡುಗರಿಗೆ ತಪ್ಪು ಮಾಡಲು ಅವಕಾಶವೇ ಇಲ್ಲ. ಬೆಂಗಳೂರು ಎಫ್‌ಸಿ ಕಪ್ ಮೇಲೆ ಕಪ್ ಗೆಲ್ಲುವಾಗ ಹನ್ನೊಂದು ಜನರಲ್ಲಿ ಕನ್ನಡ ಮಾತಾಡೋರನ್ನ ಹುಡುಕಿ ಸೋತಿದ್ದೇನೆ. ಹೊರಗಿನವರು ಬಂದು ನಮ್ಮ ಕೆಲಸ ಕಿತ್ತುಕೊಂಡರು ಅನ್ನೋದು ಬೆಂಗಳೂರಿನ ಹಳೇ ರಾಗ, ಅದನ್ನ ಹಾಡೋಕೆ ನನಗೆ ಮನಸ್ಸಿಲ್ಲ. ಈ ಊರಿಗೆ ನಾನೂ ಬಸ್ಸಿಳಿದು ಬಂದವನೇ. ಹುವಾನನ್ ಯಾರ ಅನ್ನವನ್ನೂ ಕಿತ್ತುಕೊಳ್ಳಲಿಲ್ಲ. ಅವನ ಜಾಗಕ್ಕೆ ಇನ್ನೊಬ್ಬನನ್ನ ತಯಾರು ಮಾಡುವ ಕೆಲಸ ಯಾರದ್ದಾಗಿತ್ತೋ ಅವರು ಮಾಡಲಿಲ್ಲ.

ಮಾಡದಿದ್ದಕ್ಕೆ ಬೆಂಗಳೂರಷ್ಟೇ ಸಾಕ್ಷಿ ಅಲ್ಲ. ನಮ್ಮ ಯಲ್ಲಾಪುರ, ಹಳಿಯಾಳದ ಕಾಡಿನ ಸಿದ್ದಿ ಹುಡುಗ ಹುಡುಗಿಯರನ್ನ 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಆರಿಸಿ ಕರೆದುಕೊಂಡು ಹೋಗಿ ಹಾಸ್ಟೆಲಿನಲ್ಲಿಟ್ಟು ತರಬೇತಿ ಕೊಟ್ಟಿತು. ಕೆಲವರು ದೇಶದ ಮಟ್ಟದಲ್ಲಿ ಓಡಿದರು, ಪದಕ ತಂದರು. ಕೆಲವೇ ವರ್ಷಕ್ಕೆ, 1990ರ ದಶಕದ ಮೊದಲ ಭಾಗದಲ್ಲೇ, ಯೋಜನೆ ಮುಚ್ಚಿತು. ಮಕ್ಕಳು ಪೆಟ್ಟಿಗೆ ಹೊತ್ತು ಊರಿಗೆ ಮರಳಿದರು. ಒಬ್ಬ ಡಿಫೆಂಡರ್ ತಯಾರಾಗೋಕೆ ಹತ್ತು ವರ್ಷ ಬೇಕು. ಲಾಸ್ ಪಾಲ್ಮಾಸಿನ ಹುಡುಗನಿಗೆ ಆ ಹತ್ತು ವರ್ಷವನ್ನ ಯಾರೋ ಕೊಟ್ಟಿದ್ದರು, ಬೆಂಗಳೂರು ಬರೀ ಫಲ ಕೊಯ್ದಿತು.

2020–21ರ ಸೀಸನ್ ಕೊರೋನಾದಿಂದಾಗಿ ಪೂರ್ತಿ ಗೋವಾದಲ್ಲಿ, ಖಾಲಿ ಸ್ಟೇಡಿಯಂಗಳಲ್ಲಿ ನಡೆಯಿತು. ಬೆಂಗಳೂರಿನ ಪಾಲಿಗೆ ಕೆಟ್ಟ ವರ್ಷ, ನಡುವಲ್ಲೇ ಕೋಚ್ ಕಾರ್ಲೆಸ್ ಕ್ವಾದ್ರಾತ್ ಹೋದರು. 2021ರಲ್ಲಿ ಹುವಾನನ್ ಕೂಡ ಹೊರಟ. ಐದು ವರ್ಷ ನಿಂತಿದ್ದವನಿಗೆ ಕಂಠೀರವದ ಜನರ ಎದುರು ಒಂದು ಸುತ್ತು ನಡೆದು ಕೈ ಬೀಸುವ ಅವಕಾಶವೂ ಇರಲಿಲ್ಲ. ಲ್ಯಾಪ್‌ಟಾಪ್ ಕೊರಿಯರ್ ಮಾಡಿ ಕೆಲಸ ಬಿಟ್ಟವರಿಗೆ ಆ ವರ್ಷದ ಬೀಳ್ಕೊಡುಗೆಗಳು ಹೇಗಿದ್ದವು ಅಂತ ಗೊತ್ತು.

ಸೇರಿದ್ದು ಹೈದರಾಬಾದ್ ಎಫ್‌ಸಿ. ಕೋಚ್ ಮನೋಲೊ ಮಾರ್ಕೆಸ್, ಅವರೂ ಸ್ಪೇನಿನವರು. ಆ ಸೀಸನ್ನಿಂದಲೇ ಐಎಸ್‌ಎಲ್‌ನ ವಿದೇಶಿಯರ ಲೆಕ್ಕ ಐದರಿಂದ ನಾಲ್ಕಕ್ಕೆ ಇಳಿಯಿತು. ಹೈದರಾಬಾದಿನಲ್ಲಿ ಹುವಾನನ್ ಪಕ್ಕ ಡಿಫೆನ್ಸಿನ ನಡುವೆ ನಿಂತದ್ದು ಮಣಿಪುರದ ಚಿಂಗ್ಲೆನ್‌ಸಾನಾ ಸಿಂಗ್, ಗೋಲಿನಲ್ಲಿ ಲಕ್ಷ್ಮೀಕಾಂತ ಕಟ್ಟಿಮನಿ. ಗೋವಾದಲ್ಲಿ ಹುಟ್ಟಿದವನು, ಆದರೆ ಆ ಅಡ್ಡಹೆಸರು ಕೇಳಿದರೆ ನಮಗೆ ಬೇರೆ ಹೇಳಬೇಕಾಗಿಲ್ಲ. 2022ರ ಮಾರ್ಚ್ 20ಕ್ಕೆ ಮಡಗಾಂವಿನ ಫತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಫೈನಲ್ 1–1 ಆಗಿ ಪೆನಾಲ್ಟಿಗೆ ಹೋಯಿತು. ಕಟ್ಟಿಮನಿ ಮೂರು ತಡೆದ. 3–1ರಿಂದ ಹೈದರಾಬಾದ್ ಗೆದ್ದಿತು. ಹುವಾನನ್‌ಗೆ ಇದು ಎರಡನೇ ಐಎಸ್‌ಎಲ್ ಕಪ್, ಎರಡು ಬೇರೆ ಊರುಗಳಿಗೆ.

ಮರುವರ್ಷ, 2023ರ ಮಾರ್ಚ್ 4ಕ್ಕೆ, ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನ 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ಮೇಲೆ. ಆವತ್ತು ವಾಟ್ಸಾಪಿನಲ್ಲಿ ಓಡಾಡಿದ್ದು ಗೋಲು ಹೊಡೆದ ಮೂವರ ಫೋಟೋ. ನಾನು ತಂಡದ ಪಟ್ಟಿ ತೆಗೆದು, ಹಿಂದಿನ ಸಾಲಿನ ನಾಲ್ಕು ಹೆಸರನ್ನ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ.